ಮೈನಸ್ 30ರಾಗ ಕ್ಯಾಮೆರಾ

ಹೋದ ಥಂಡ್ಯಾಗ ಕೆನಡಾದ ವಿನಿಪೆಗ್‌ಗೆ ಮಗಳ ಮನಿಗೆ ಹೋಗಿದ್ದೆ. ಧಾರವಾಡದಾಗ ಡಿಸೆಂಬರ್ ಬಂತಂದ್ರ ಸ್ವೆಟರ್ ಹುಡುಕೋ ಮಂದಿ ನಾವು. ಅಲ್ಲೆ ಮೈನಸ್ 30! ಕಾರಿನ ಮೂತಿಯಿಂದ ಪ್ಲಗ್ ನೇತಾಡ್ತಿರ್ತದ, ರಾತ್ರಿ ಕರೆಂಟಿಗೆ ಚುಚ್ಚಿ ಇಂಜಿನ್ ಬೆಚ್ಚಗ ಇಡ್ತಾರ. ನಮ್ಮ ಮೊಸರಿನ ಪಾತೇಲಿಗೆ ದುಪ್ಪಡಿ ಹೊಚ್ಚಿದ ಹಂಗ.

ಯಾರೋ ಪಾರ್ಕಿಂಗ್‌ನಾಗ ಕಾರಿಗೆ ಗುದ್ದಿ ಓಡಿ ಹೋಗಿದ್ರಂತ. ಅದಕ್ಕ ಅಳಿಯಂದ್ರು ಡ್ಯಾಶ್ ಕ್ಯಾಮ್ ಹಚ್ಚಿ, ಕಾರು ನಿಂತಾಗೂ ರೆಕಾರ್ಡ್ ಆಗ್ಲಿ ಅಂತ ಸೀದಾ ಕಾರಿನ ಬ್ಯಾಟರಿಯಿಂದನ ವೈರ್ ಎಳದಿದ್ರು.

ಮಗಳು ನರ್ಸ್, ರಾತ್ರಿ ಪಾಳಿ. ಜನವರಿಯಾಗ ಒಂದಿನ ಮುಂಜಾನೆ 8ಕ್ಕ ಬರಬೇಕಾದಾಕಿ 9 ಆದ್ರೂ ಪತ್ತೆ ಇಲ್ಲ. ಫೋನ್ ಹತ್ತವಲ್ದು. ನನ್ನ ಜೀವ ಬಾಯಿಗೆ ಬಂದಿತ್ತು. ಕಡೀಕ ಯಾರದೋ ಫೋನಿಂದ ಮಾಡಿದ್ಲು, "ಅವ್ವಾ, ಕಾರು ಟಕ್ ಟಕ್ ಅಂತದ, ಚಾಲೂ ಆಗವಲ್ದು. ಥಂಡಿಗೆ ನನ್ನ ಫೋನೂ ಬಂದ್ ಆತು." ಬಯಲಾಗ ನಿಂತು ನಿಂತು ಆಕಿ ಬೆರಳು ಸೆಟದು ಹೋಗಿದ್ದುವು.

ಜಂಪ್ ಸ್ಟಾರ್ಟ್ ಮಾಡ್ಲಿಕ್ಕೆ ಬಂದಾಂವ ಹೇಳಿದ್ನಂತ, ಮೈನಸ್ 18ಕ್ಕನ ಬ್ಯಾಟರಿ ಜೋರು ಅರ್ಧದ ತನಕ ಇಳೀತದ, ಅದ ಹೊತ್ತಿಗೆ ಆಯಿಲ್ ಗಟ್ಟಿ ಆಗಿ ಇಂಜಿನ್ ಜಾಸ್ತಿ ಜೋರು ಬೇಡ್ತದ ಅಂತ. ಅದರಾಗ ಈ ಕ್ಯಾಮೆರಾ ರಾತ್ರಿ ಪೂರಾ ಕೂತು ಹೀರಿತ್ತು. ವೈರಿನ ಜೋಡಿ ಬಂದ ಡಬ್ಬಿ ಬ್ಯಾಟರಿ 11.8 ವೋಲ್ಟಿಗೆ ಇಳಿದ ಮ್ಯಾಲೆ ಕಟ್ ಮಾಡ್ತಿತ್ತು. ತುಂಬಿದ ಬ್ಯಾಟರಿ 12.6 ಇರ್ತದ. ಊಟ ಎಲ್ಲಾ ಮುಗದ ಮ್ಯಾಲೆ ಸಾಕು ಅಂದ್ರೇನು ಬಂತು!

ಅಳಿಯಂದ್ರು ಬಿಡವಲ್ರು. "ಅತ್ತಿ, ಕ್ಯಾಮೆರಾಕ್ಕಂತನ ಬ್ಯಾರೆ ಲಿಥಿಯಂ ಬ್ಯಾಟರಿ ಪ್ಯಾಕ್ ಸಿಗ್ತದ" ಅಂದ್ರು. ಮಗಳು ಓದಿ ಹೇಳಿದ್ಲು, ಅದನ್ನ ಸೊನ್ನೆ ಡಿಗ್ರಿಗಿಂತ ಕೆಳಗ ಚಾರ್ಜ್ ಮಾಡಬಾರದು, ಕೆಡ್ತದ. ನಾ ಕೇಳಿದೆ, "ಹಂಗಾದ್ರ ನಿಮ್ಮೂರಾಗ ಚಾರ್ಜ್ ಆಗೂದು ಏಪ್ರಿಲ್‌ಗೇನು?"

ಮುಂದ ಕೀಲಿ ತಗದ್ರ ತಾನೂ ಬಂದ್ ಆಗೋ ಸಾಕೆಟ್‌ಗೆ ಹಚ್ಚಿದ್ವಿ. ಕೆಲವು ಕಾರಿನಾಗ ಸಾಕೆಟ್ ಯಾವಾಗೂ ಚಾಲೂ ಇರ್ತದಂತ. ಅದಕ್ಕ ಕೀಲಿ ತಗದು, ಕ್ಯಾಮೆರಾದ ದೀಪ ಆರೂತನಕಾ ನಾನ ಕೂತು ನೋಡಿದೆ. ಹಳೇ ಕ್ಯಾಮೆರಾದ ಹೊಟ್ಟ್ಯಾಗೂ ಲಿಥಿಯಂ ಇತ್ತು, ಅದನ್ನ ತಗದು ಸೂಪರ್ ಕೆಪಾಸಿಟರ್ ಇದ್ದದ್ದು ತಂದ್ರು. ಕರೆಂಟ್ ಹೋದ ಮ್ಯಾಲೆ ಫೈಲ್ ಉಳಿಸಿ ಮಲಗೋವಷ್ಟ ಅದರಾಗ ಜೀವ, ಆದ್ರ ಥಂಡಿ ತಡೀತದ.

ಮಾರ್ಚ್‌ನಾಗ ನಿಂತ ಕಾರಿನ ಬಂಪರ್ ಯಾರೋ ಗೀರಿ ಹೋದ್ರು. ಅಳಿಯಂದ್ರು ನನ್ನ ಮಾರಿ ನೋಡಿದ್ರು. ನಾ ಚಹಾಕ್ಕ ಶುಂಠಿ ಜಜ್ಜಲಿಕ್ಕೆ ಹತ್ತಿದೆ.