ರೀಬೂಟ್ ಆದ ಮೇಲೂ ಉಳಿಯಬೇಕಾದದ್ದು

ಲಿನಕ್ಸ್‌ನಲ್ಲಿ '/ರನ್' ಅಂತ ಒಂದು ಡೈರೆಕ್ಟರಿ ಇದೆ. ನಾವ್ಯಾರೂ ಸಾಮಾನ್ಯವಾಗಿ ಅದರ ಕಡೆ ತಿರುಗಿಯೂ ನೋಡಲ್ಲ. ಹಿನ್ನೆಲೆಯಲ್ಲಿ ಓಡುವ ಸರ್ವೀಸ್‌ಗಳು ತಮ್ಮ ಪಿಐಡಿ ಫೈಲ್, ಸಾಕೆಟ್ ಇವನ್ನೆಲ್ಲ ಇಡೋದು ಅಲ್ಲೇ. ಅದು ಟಿಎಂಪಿಎಫ್‌ಎಸ್, ಅಂದ್ರೆ ಡಿಸ್ಕ್‌ನಲ್ಲಲ್ಲ, ಮೆಮೊರಿಯಲ್ಲಿ ಇರುವಂಥದ್ದು. ಮಷೀನ್ ಆಫ್ ಆದ್ರೆ ಎಲ್ಲ ಖಾಲಿ.

ಇದು ಬೇಕಂತಲೇ ಮಾಡಿದ್ದು. ಪಿಐಡಿ ಫೈಲ್ ಅಂದ್ರೆ 'ನನ್ನ ಪ್ರೋಸೆಸ್ ನಂಬರ್ ಇಷ್ಟು' ಅಂತ ಸರ್ವೀಸ್ ಬರೆದಿಟ್ಟ ಚೀಟಿ. ರೀಬೂಟ್ ಆದ ಮೇಲೆ ಆ ನಂಬರ್ ಬೇರೆ ಯಾವುದೋ ಪ್ರೋಸೆಸ್‌ಗೆ ಸಿಕ್ಕಿರಬಹುದು. ಹಳೇ ಚೀಟಿ ನಂಬಿ ಕಿಲ್ ಮಾಡಿದ್ರೆ ಸಾಯೋದು ಇನ್ಯಾರೋ! ಮೊದಲು ಈ ಜಾಗ '/ವಾರ್' ಒಳಗಿತ್ತು. 2011ರಲ್ಲಿ ಫೆಡೋರಾದಂಥ ಡಿಸ್ಟ್ರೋಗಳು ಅದನ್ನು ರೂಟ್‌ಗೇ ತಂದವು. 2015ರ ಎಫ್‌ಎಚ್‌ಎಸ್ 3.0ರಲ್ಲಿ ಅದು ನಿಯಮವೂ ಆಯ್ತು.

ನಮ್ಮ ಲ್ಯಾಬ್ ರೆಕಾರ್ಡ್ ಸಬ್ಮಿಟ್ ಮಾಡುವ ಸರ್ವೀಸ್‌ಗೂ ಅಲ್ಲೊಂದು ಡೈರೆಕ್ಟರಿ ಬೇಕು. ಆದರೆ ಅದು ಸಾಮಾನ್ಯ ಯೂಸರ್ ಆಗಿ ಓಡುತ್ತೆ, '/ರನ್' ಇರೋದು ರೂಟ್ ಕೈಲಿ. ಹಾಗಾಗಿ ಕರೆಂಟ್ ಹೋಗಿ ಬಂದಾಗಲೆಲ್ಲ ಫೈನಲ್ ಇಯರ್ ಅಣ್ಣ ಒಬ್ಬರು ಬಂದು ಕೈಯಾರೆ ಡೈರೆಕ್ಟರಿ ಮಾಡಿ, ಓನರ್ ಬದಲಿಸಿ ಹೋಗ್ತಿದ್ರು. ಸಬ್ಮಿಶನ್ ದಿನವೇ ಕರೆಂಟ್ ಹೋದ್ರೆ ಇಡೀ ಕ್ಲಾಸ್ ಅಣ್ಣನ್ನ ಹುಡುಕ್ತಾ ಕೂರಬೇಕು. ಅವರೋ ಈ ವರ್ಷ ಕಾಲೇಜು ಬಿಡ್ತಾರೆ.

ಮೊನ್ನೆ ಅವರ ಜೊತೆ ಕೂತು ನಾವು ಯೂನಿಟ್ ಫೈಲ್‌ಗೆ ಒಂದೇ ಸಾಲು ಸೇರಿಸಿದ್ವಿ: 'ರನ್‌ಟೈಮ್‌ಡೈರೆಕ್ಟರಿ=ರೆಕಾರ್ಡ್'. ಈಗ ಸರ್ವೀಸ್ ಶುರುವಾಗೋ ಮುಂಚೆ ಸಿಸ್ಟಮ್‌ಡಿಯೇ '/ರನ್/ರೆಕಾರ್ಡ್' ಮಾಡಿ, ಸರಿಯಾದ ಯೂಸರ್ ಹೆಸರಿಗೆ ಕೊಡುತ್ತೆ. ಸರ್ವೀಸ್ ನಿಂತಾಗ ತಾನೇ ಅಳಿಸುತ್ತೆ. ಪರ್ಮಿಷನ್ ಬೇರೆ ಹೇಳದಿದ್ರೆ 0755. ರೀಸ್ಟಾರ್ಟ್ ಮಾಡುವಾಗ ಅಳಿಯೋದು ಬೇಡ ಅಂದ್ರೆ 'ರನ್‌ಟೈಮ್‌ಡೈರೆಕ್ಟರಿಪ್ರಿಸರ್ವ್=ರೀಸ್ಟಾರ್ಟ್' ಅಂತ ಇನ್ನೊಂದು ಸಾಲು ಸಾಕು.

ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಮ್ಯಾನ್ ಪೇಜನ್ನೂ ಓದಿದ್ವಿ. ಆದರೂ ಅಣ್ಣ 'ಚೀಟಿ' ಅಂದಾಗಲೇ ವಿಷಯ ತಲೆಗೆ ಹೋಗಿದ್ದು. ಸೀನಿಯರ್‌ಗಳ ತಲೆಯಲ್ಲಿರೋದೂ ಒಂಥರಾ ಟಿಎಂಪಿಎಫ್‌ಎಸ್ಸೇ, ಅವರು ಹೋದ್ರೆ ಖಾಲಿ. ಅದಕ್ಕೇ ಆ ಸಾಲಿನ ಮೇಲೆ ಯಾಕೆ, ಏನು ಅಂತ ಕನ್ನಡದಲ್ಲೇ ಒಂದು ಕಾಮೆಂಟ್ ಬರೆದಿಟ್ಟಿದ್ದೀವಿ. ನಿಮ್ಮ ಲ್ಯಾಬಲ್ಲೂ ಹೀಗೆ ಒಬ್ಬರಿಗೇ ಗೊತ್ತಿರೋ ಕಮಾಂಡ್ ಇದ್ರೆ, ಅವರಿಗೆ ಫೇರ್‌ವೆಲ್ ಕೊಡೋ ಮುಂಚೆ ಬರೆಸಿಕೊಳ್ಳಿ.