ಅರಸಾಳು ಅಲಿಯಾಸ್ ಮಾಲ್ಗುಡಿ

ಡೊಂಬಿವಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಇಲ್ಲಿ ಯಾರಾದರೂ ನಿಮ್ಮೂರು ಯಾವುದು ಅಂತ ಕೇಳಿದರೆ 'ಅರಸಾಳು' ಎಂದು ಹೇಳಿ ಪ್ರಯೋಜನವಿಲ್ಲ. "ಮಾಲ್ಗುಡಿ ಡೇಸ್ ನೋಡಿದ್ದೀರಲ್ಲ, ಅದರಲ್ಲಿ ಬರೋ ಸ್ಟೇಷನ್ ನಮ್ಮೂರಿಂದು" ಅಂದರೆ ಸಾಕು, ಮುಖ ಅರಳುತ್ತದೆ!

ಆರ್.ಕೆ.ನಾರಾಯಣ್ ಕಥೆಗಳನ್ನು ಧಾರಾವಾಹಿ ಮಾಡಲು ಬಂದ ಶಂಕರ್‌ನಾಗ್, ಆಗುಂಬೆಯನ್ನು ಮಾಲ್ಗುಡಿ ಮಾಡಿದರು; ರೈಲು ನಿಲ್ದಾಣಕ್ಕೆ ನಮ್ಮ ಹೆಂಚಿನ ಸ್ಟೇಷನ್ ಆರಿಸಿಕೊಂಡರು. ನಮಗೋ ಅದು ಶಿವಮೊಗ್ಗದ ರೈಲಿಗೆ ಕಾಯುವ ಜಾಗ, ಅಷ್ಟೇ. ಮುಂಬಯಿಗೆ ಹೊರಟ ದಿನ ಅಪ್ಪ ನನ್ನ ಟ್ರಂಕು ಹೊತ್ತು ತಂದು ಕಳಿಸಿಕೊಟ್ಟಿದ್ದೂ ಅಲ್ಲಿಂದಲೇ.

ಆಮೇಲೆ ಮೀಟರ್‌ಗೇಜ್ ಹೋಯಿತು. 2011ರಲ್ಲಿ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಬಂತು. ಅರಸಾಳಿಗೆ ಹೊಸ ಸ್ಟೇಷನ್ ಆಯಿತು, ಹಳೆಯದು ಪಾಳುಬಿತ್ತು. ಊರಿಗೆ ಹೋದಾಗಲೆಲ್ಲ, ಮುಂದಿನ ಸಲ ಬರುವಷ್ಟರಲ್ಲಿ ಇದು ಇರುವುದಿಲ್ಲ ಅಂದುಕೊಳ್ಳುತ್ತಿದ್ದೆ...

ಇದೆ! ನೈಋತ್ಯ ರೈಲ್ವೆಯವರು ದುರಸ್ತಿ ಮಾಡಿಸಿ 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಎಂದು ತೆರೆದರು. ರೂಪಿಸಿದ್ದು ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್.

ಹೋಗಿ ನೋಡಿದೆ. ಚೆನ್ನಾಗಿದೆ ಮಾರಾಯ್ರೆ. ಹುಡುಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಅಪ್ಪ ಟ್ರಂಕು ಇಳಿಸಿದ್ದ ಜಾಗದಲ್ಲಿ ಸುಮ್ಮನೆ ನಿಂತೆ. ಎಲ್ಲೂ ಇಲ್ಲದ ಊರೊಂದು ಇರುವ ಊರಿನ ಸ್ಟೇಷನ್ನನ್ನು ಉಳಿಸಿತಲ್ಲ! ಶಂಕರ್‌ನಾಗ್ ಬಾರದಿದ್ದರೆ, ಬರೀ ನಮ್ಮ ನೆನಪಿಗೋಸ್ಕರ ಇದನ್ನು ಯಾರು ಉಳಿಸುತ್ತಿದ್ದರು?

ಈಗ ಯಾರಾದರೂ ಊರು ಕೇಳಿದರೆ ಮೊದಲು ಅರಸಾಳು ಅನ್ನುತ್ತೇನೆ. ಮಾಲ್ಗುಡಿ ಆಮೇಲೆ. ನಿಮ್ಮೂರ ಸ್ಟೇಷನ್ ಹೇಗಿದೆ? ಈ ಸಲ ಹೋದಾಗ ಒಮ್ಮೆ ನೋಡಿ ಬನ್ನಿ.