ಒಂದು ಚೀಟಿಯ ಸಾಕ್ಷ್ಯ

ಅಂಗೈ ಅಗಲದ ಚೀಟಿ ಅದು. ಮೇಲೆ ಲ್ಯಾಬಿನ ಹೆಸರು, ಕೆಳಗೆ ನಾಲ್ಕೈದು ಸಾಲು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಎದುರು 'ನಾನ್ ರಿಯಾಕ್ಟಿವ್' ಎಂದಿತ್ತು. ವಿಡಿಆರ್‌ಎಲ್ ಎದುರು ಮಾತ್ರ 'ರಿಯಾಕ್ಟಿವ್, 1:2' ಎಂದು ಬರೆದು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. 2014ರ ಅಕ್ಟೋಬರ್‌ನಲ್ಲಿ, ನಮ್ಮ ಆಪಾ ಅವರ ಮಗ ಸೌದಿಗೆ ಹೊರಡುವ ತಯಾರಿಯಲ್ಲಿದ್ದಾಗ ಬಂದ ಚೀಟಿ.

ಹುಡುಗ ಮಂಗಳೂರಿನಲ್ಲಿ ಕಟ್ಟಡಗಳ ವೈರಿಂಗ್ ಕೆಲಸ ಮಾಡಿಕೊಂಡಿದ್ದವನು. ಗಲ್ಫ್‌ಗೆ ಕೆಲಸಕ್ಕೆ ಹೋಗುವವರು 'ಮೆಡಿಕಲ್' ಪಾಸಾಗಬೇಕೆಂಬುದು ನಮ್ಮ ಮೊಹಲ್ಲಾದ ಮಕ್ಕಳಿಗೂ ಗೊತ್ತು. ಅಲ್ಲಿ 'ಅನ್‌ಫಿಟ್' ಎಂದು ಬಿದ್ದರೆ ಕಷ್ಟ ಎಂದು ಏಜೆಂಟ್ ಮೊದಲೇ ಹೊರಗಿನ ಲ್ಯಾಬೊಂದರಲ್ಲಿ ರಕ್ತ ಕೊಡಿಸಿದ್ದ. ಚೀಟಿ ಹುಡುಗನಿಗಿಂತ ಮೊದಲು ಏಜೆಂಟನ ಕೈಗೆ ಹೋಯಿತು, ಅಲ್ಲಿಂದ ನಮ್ಮ ಕೈಗೆ ಬಂತು. "ಇದು ಸಿಫಿಲಿಸ್ ಟೆಸ್ಟು ಸಾಹೇಬ್ರೇ. ಹುಡುಗ ಮಂಗಳೂರಲ್ಲಿ ಒಬ್ಬನೇ ಇದ್ದ ನೋಡಿ," ಎಂದು ಆತ ದನಿ ತಗ್ಗಿಸಿದ. ಅಷ್ಟೇ ಸಾಕಾಯಿತು.

ಕಥೆ ಬರೆಯುವುದು ನಮ್ಮ ಹವ್ಯಾಸ. ಉಳಿದ ಕಥೆಯನ್ನು ನಾವೇ ಕಟ್ಟಿಕೊಂಡೆವು. ರಾತ್ರಿ ಫೋನ್ ಎತ್ತದ ದಿನಗಳು, ಈದ್‌ಗೆ ತಡವಾಗಿ ಬಂದದ್ದು, ಹೊಸ ಶರ್ಟು ಎಲ್ಲಕ್ಕೂ ಅರ್ಥ ಸಿಕ್ಕಂತಾಯಿತು. ಬಾಗಿಲು ಹಾಕಿ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿಗೆ ಹೋಗಿದ್ದೆ?"

"ಎಲ್ಲಿಗೂ ಇಲ್ಲ ಮಾಮು, ಅಲ್ಲಾಹ್ ಕಸಮ್," ಎಂದ.

ನಾವು ನಂಬಲಿಲ್ಲ. ಎತ್ತಿ ಆಡಿಸಿದ ಹುಡುಗನ ಮುಖಕ್ಕಿಂತ ಆ ಕಾಗದವೇ ನಂಬಿಕೆಗೆ ಯೋಗ್ಯವೆನಿಸಿತು. ಎರಡೇ ದಿನದಲ್ಲಿ ಮನೆಯಲ್ಲಿ ಅವನ ತಟ್ಟೆ, ಲೋಟ, ಟವೆಲು ಬೇರೆಯಾದವು. ಬೇರೆ ಮಾಡಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ಮೂರನೆಯ ದಿನ ಆಪಾ ನಮ್ಮೆದುರು ಬಂದು ನಿಂತರು. "ಒಬ್ಬರ ನಡತೆ ಮೇಲೆ ಮಾತಾಡೋಕೆ ನಾಲ್ಕು ಸಾಕ್ಷಿ ಬೇಕು ಅಂತೀರಿ. ಈ ಚೀಟಿ ಏನು ನೋಡಿದೆ ಅಂತ ಯಾರನ್ನಾದರೂ ಕೇಳಿದ್ರಾ?"

ಕೇಳಿರಲಿಲ್ಲ. ಮರುದಿನ ಅವನನ್ನು ಸರ್ಕಾರಿ ಆಸ್ಪತ್ರೆಯ ಚರ್ಮ ಮತ್ತು ಗುಪ್ತರೋಗ ವಿಭಾಗಕ್ಕೆ ಕರೆದೊಯ್ದೆವು. ಅಲ್ಲಿದ್ದ ವೈದ್ಯೆ ಹುಡುಗನನ್ನು ಪರೀಕ್ಷಿಸಿ, ನಮಗೆ ಹೊಳೆಯದ ಪ್ರಶ್ನೆಯೊಂದನ್ನು ಕೇಳಿದರು: "ಇತ್ತೀಚೆಗೆ ಜ್ವರ ಬಂದಿತ್ತಾ?"

ಬಂದಿತ್ತು. ಸೆಪ್ಟೆಂಬರ್‌ನಲ್ಲಿ ಮಲೇರಿಯಾ. ಫೋನ್ ಎತ್ತದ ರಾತ್ರಿಗಳಲ್ಲಿ ಅವನು ಚಾದರ ಹೊದ್ದು ನಡುಗುತ್ತಿದ್ದ. ಅಮ್ಮ ಹೆದರುತ್ತಾಳೆಂದು ಹೇಳಿರಲಿಲ್ಲ.

ಆಮೇಲೆ ವೈದ್ಯೆ ಬಿಡಿಸಿ ಹೇಳಿದ್ದನ್ನು ನಾವು ಶಾಲೆಯ ಹುಡುಗರಂತೆ ಕೇಳಿಸಿಕೊಂಡೆವು. ವಿಡಿಆರ್‌ಎಲ್ ಪರೀಕ್ಷೆ ಸಿಫಿಲಿಸ್‌ನ ರೋಗಾಣುವನ್ನು ಹುಡುಕುವುದೇ ಇಲ್ಲ. ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನಂಥ ವಸ್ತುವಿನ ವಿರುದ್ಧ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಹುಡುಕುತ್ತದೆ. ಸಿಫಿಲಿಸ್ ಬಂದಾಗ ಅವು ಹುಟ್ಟುತ್ತವೆ, ನಿಜ. ಆದರೆ ಮಲೇರಿಯಾ, ಕೆಲವು ವೈರಲ್ ಜ್ವರ, ಕುಷ್ಠ, ಲೂಪಸ್‌ನಂಥ ಕಾಯಿಲೆಗಳಲ್ಲೂ, ಕೆಲವೊಮ್ಮೆ ಬಸುರಿಯರಲ್ಲೂ ಹುಟ್ಟಬಹುದು. "ಹೊಗೆ ಕಂಡಿದೆ. ಮನೆಗೆ ಬೆಂಕಿ ಬಿದ್ದಿದೆಯೋ, ಒಲೆ ಹೊತ್ತಿಸಿದ್ದಾರೋ, ಒಳಗೆ ಹೋಗಿ ನೋಡಬೇಕು," ಎಂದರು. 1:2 ಎಂದರೆ ರಕ್ತದ ಸೀರಮ್ಮನ್ನು ಎರಡು ಪಟ್ಟು ತೆಳು ಮಾಡುವವರೆಗೆ ಮಾತ್ರ ಪ್ರತಿಕ್ರಿಯೆ ಕಂಡಿದೆ ಎಂದರ್ಥ. ಇಷ್ಟು ಸಣ್ಣ ಅಂಕಿ ಸುಳ್ಳು ಸೂಚನೆ ಇರಬಹುದು. ತೀರಾ ಹೊಸ ಅಥವಾ ತೀರಾ ಹಳೆಯ ಸೋಂಕೂ ಇರಬಹುದು. ತೀರ್ಮಾನಕ್ಕೆ ಟಿಪಿಎಚ್‌ಎ ಬೇಕು. ಅದು ಆ ರೋಗಾಣುವಿನ ವಿರುದ್ಧವೇ ಹುಟ್ಟಿದ ಪ್ರತಿಕಾಯಗಳನ್ನು ನೋಡುತ್ತದೆ.

ಟಿಪಿಎಚ್‌ಎ ನೆಗೆಟಿವ್ ಬಂತು. ಹೊಸ ಸೋಂಕು ಕಣ್ತಪ್ಪಿರಬಾರದೆಂದು ಮೂರು ತಿಂಗಳ ನಂತರ ಮತ್ತೆ ನೋಡಿದರು. ಆಗ ವಿಡಿಆರ್‌ಎಲ್ ಕೂಡ 'ನಾನ್ ರಿಯಾಕ್ಟಿವ್'.

ಹಾಗೆಂದು ಟಿಪಿಎಚ್‌ಎಯೇ ಕೊನೆಯ ಮಾತು ಎಂದುಕೊಳ್ಳುವಂತಿಲ್ಲ. ಒಮ್ಮೆ ಸಿಫಿಲಿಸ್ ಬಂದು ಸಂಪೂರ್ಣ ಗುಣವಾದವರಲ್ಲೂ ಅದು ಸಾಮಾನ್ಯವಾಗಿ ಜೀವಮಾನವಿಡೀ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ವಿಡಿಆರ್‌ಎಲ್‌ನ ಅಂಕಿ ಇಳಿಯುತ್ತಿದೆಯೇ ಎಂದೇ ನೋಡಬೇಕು. ಒಂದೊಂದು ಪರೀಕ್ಷೆ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ನಾವು ಕೇಳಿದ್ದು ಅದು ಉತ್ತರಿಸಲಾಗದ ಪ್ರಶ್ನೆ.

ಇದರಲ್ಲೊಂದು ಲೆಕ್ಕವೂ ಇದೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಹೇಳುವ ಪರೀಕ್ಷೆ ಎಂದಿಟ್ಟುಕೊಳ್ಳಿ. 10,000 ಜನರಲ್ಲಿ 20 ಮಂದಿಗೆ ಮಾತ್ರ ಸೋಂಕಿದೆ. ಆ 20 ಮಂದಿ ಸಿಕ್ಕಿಬೀಳುತ್ತಾರೆ. ಉಳಿದ 9,980 ಮಂದಿಯಲ್ಲಿ ನೂರಕ್ಕೆ ಒಬ್ಬರಂತೆ ಸುಮಾರು 100 ನಿರಪರಾಧಿಗಳೂ 'ಪಾಸಿಟಿವ್' ಪಟ್ಟಿಗೆ ಸೇರುತ್ತಾರೆ. ಪಟ್ಟಿಯ ಆರು ಜನರಲ್ಲಿ ಒಬ್ಬನಿಗಷ್ಟೇ ರೋಗ! ಆದ್ದರಿಂದಲೇ ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಲಕ್ಷಣಗಳಿಲ್ಲದ ವ್ಯಕ್ತಿಗೆ ಎಚ್‌ಐವಿ ಇದೆ ಎನ್ನುವ ಮೊದಲು ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಪರೀಕ್ಷಿಸುತ್ತಾರೆ.

ಇನ್ನು 'ನೆಗೆಟಿವ್' ಚೀಟಿಯನ್ನು ಸಚ್ಚಾರಿತ್ರ್ಯದ ಸರ್ಟಿಫಿಕೇಟಿನಂತೆ ಹಿಡಿದು ತಿರುಗುವವರಿಗೂ ಒಂದು ಮಾತು. ನಿಕಾಹ್‌ಗೆ ಮುಂಚೆ ರಿಪೋರ್ಟ್ ಕೇಳೋಣ ಎನ್ನುವವರು ನಮ್ಮಲ್ಲಿದ್ದಾರೆ. ಕೇಳುವುದು ತಪ್ಪಲ್ಲ. ಆದರೆ ಸೋಂಕು ತಗುಲಿದ ಹತ್ತನೆಯ ದಿನ ಎಚ್‌ಐವಿ ಪರೀಕ್ಷೆ ಮಾಡಿಸಿದರೆ ಅದು ಪತ್ತೆಯಾಗದೇ ಹೋಗಬಹುದು. ಲ್ಯಾಬಿನ ನಾಲ್ಕನೇ ತಲೆಮಾರಿನ ಪರೀಕ್ಷೆಗೆ 45 ದಿನ, ಪ್ರತಿಕಾಯಗಳನ್ನಷ್ಟೇ ನೋಡುವ ಪರೀಕ್ಷೆಗಳಿಗೆ 90 ದಿನ ಕಾಯಬೇಕು. ಆಗ ಬಂದ ನೆಗೆಟಿವ್‌ಗೆ ಬೆಲೆ.

ಆ ಚೀಟಿಯಲ್ಲಿ ಎಚ್‌ಐವಿ ಫಲಿತಾಂಶವೂ ಇತ್ತು, ಅದೂ ಏಜೆಂಟನ ಕೈಯಲ್ಲಿತ್ತು. 2017ರಲ್ಲಿ ಆದ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಮಾಡಬಾರದು, ಫಲಿತಾಂಶದ ಗುಟ್ಟು ಕಾಯಬೇಕು ಎನ್ನುತ್ತದೆ ಅದು. ಮಾಹಿತಿ ಬೇಕಾದವರಿಗೆ 1097 ಎಂಬ ಉಚಿತ ಸಹಾಯವಾಣಿಯೂ ಇದೆ.

ಇಷ್ಟೆಲ್ಲ ತಿಳಿದ ಮೇಲೂ ವೈದ್ಯೆಯ ಕೊನೆಯ ಮಾತೊಂದು ನಮ್ಮನ್ನು ಬಿಟ್ಟಿಲ್ಲ. ರಿಪೋರ್ಟ್ ಸುಳ್ಳಾಯಿತೆಂದು ನಾವು ಹಿಗ್ಗಿ ಎದ್ದಾಗ ಅವರು ಕೇಳಿದ್ದರು: "ನಿಜವೇ ಆಗಿದ್ದರೆ? ಆರಂಭದಲ್ಲೇ ಆದರೆ ಪೆನಿಸಿಲಿನ್‌ನ ಒಂದು ಡೋಸಿಗೆ ವಾಸಿಯಾಗುವ ಕಾಯಿಲೆ. ತಟ್ಟೆ ಲೋಟದಿಂದ ಹರಡೋದಿಲ್ಲ. ಆಗ ಇವನನ್ನು ನನ್ನ ಹತ್ತಿರ ಕರೆದುಕೊಂಡು ಬರ್ತಿದ್ರಾ, ಮನೆಯಿಂದ ಹೊರಗೆ ಹಾಕ್ತಿದ್ರಾ?"

ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಗ ನೆಲ ನೋಡುತ್ತಿದ್ದ.

2015ರಲ್ಲಿ ಅವನು ಸೌದಿಗೆ ಹೋದ. ಮದುವೆಯಾಗಿದೆ, ಎರಡು ಮಕ್ಕಳಿದ್ದಾರೆ. ರಜೆಗೆ ಬಂದಾಗ ನಮಗೆ ಅತ್ತರು, ಖರ್ಜೂರ ತರುತ್ತಾನೆ. ಹಳೆಯ ಮಾತು ಎತ್ತುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಊಟವಾದ ಮೇಲೆ, ಬೇಡವೆಂದರೂ ಕೇಳದೆ, ತನ್ನ ತಟ್ಟೆ ಲೋಟ ತಾನೇ ತೊಳೆದು ಒಂದು ಪಕ್ಕಕ್ಕೆ ಇಟ್ಟು ಹೋಗುತ್ತಾನೆ.